ಮುಯ್ಯಿ ಪುಸ್ತಕದ ಕೋಷ್ಟಕ ಮೀಮಾಂಸೆ

‘ಸಂಬಂಧ’ ಎಂಬ ಪದಕ್ಕೆ ಕಂಪ್ಯೂಟರ್ ಶಾಸ್ತ್ರದಲ್ಲಿ ಒಂದು ಅರ್ಥವಿದ್ದರೆ ಕಪಿಲಾ ನದಿಯ ದಂಡೆಯ ಸುತ್ತೂರಿನಲ್ಲಿ ಇನ್ನೊಂದಿದೆ. 1970ರಲ್ಲಿ ಐಬಿಎಂ ಕಂಪನಿಯ ಸಂಶೋಧಕ ಇ. ಎಫ್. ಕಾಡ್ ಮಂಡಿಸಿದ ರಿಲೇಷನಲ್ ಮಾದರಿಯಲ್ಲಿ ಸಂಬಂಧವೆಂದರೆ ಗಣಿತದ ಅರ್ಥದಲ್ಲಿ ಒಂದು ಕೋಷ್ಟಕ, ಅಂದರೆ ಒಂದೇ ಬಗೆಯ ಸಂಗತಿಗಳನ್ನು ಸಾಲುಗಳಾಗಿಯೂ ಅವುಗಳ ಗುಣಗಳನ್ನು ಕಂಬಗಳಾಗಿಯೂ ಜೋಡಿಸಿದ ಪಟ್ಟಿ. ಸುತ್ತೂರಿನಲ್ಲಾದರೋ ಸಂಬಂಧವೆಂದರೆ ಹೆಣ್ಣು ಕೊಟ್ಟು ತರುವ ವ್ಯವಹಾರ, ಅದು ಕುದುರುವುದೂ ಉಂಟು, ಮುರಿಯುವುದೂ ಉಂಟು, ಊಟಕ್ಕೆ ಸರಿಯಾಗಿ ಕರೆಯಲಿಲ್ಲವೆಂದು ಮುನಿಸಿಕೊಳ್ಳುವುದಂತೂ ಉಂಟೇ ಉಂಟು. ಈ ಎರಡು ಅರ್ಥಗಳು ಮುಖಾಮುಖಿಯಾಗುವುದು ಮನೆಯ ಮುಯ್ಯಿ ಪುಸ್ತಕವನ್ನು ಡೇಟಾಬೇಸಿಗೆ ಏರಿಸಲು ಯಾರಾದರೂ ಹೊರಟಾಗ.

ಮುಯ್ಯಿಯೆಂದರೆ ಮದುವೆ, ಗೃಹಪ್ರವೇಶಗಳಲ್ಲಿ ನೆಂಟರಿಷ್ಟರು ಕೊಡುವ ಹಣ, ಪಾತ್ರೆ, ಬಟ್ಟೆ. ಅದು ನೋಡಲು ಉಡುಗೊರೆಯಾದರೂ ಜಾತಿಯಿಂದ ಸಾಲ, ಏಕೆಂದರೆ ಕೊಟ್ಟವರ ಮನೆಯಲ್ಲಿ ಶುಭಕಾರ್ಯ ಬಂದಾಗ ಅದನ್ನು ಮರಳಿಸಲೇಬೇಕು. ಧಾರೆ ಮುಗಿಯುತ್ತಿದ್ದಂತೆ ಚಪ್ಪರದ ಮೂಲೆಯಲ್ಲಿ ಮೇಜು ಹಾಕಿಕೊಂಡು, ಮೂಲೆಗೆ ಅರಿಸಿನ ಹಚ್ಚಿದ ಪುಸ್ತಕದ ತಲೆಯಲ್ಲಿ ‘ಶ್ರೀ’ ಎಂದು ಬರೆದು, ಅಕ್ಷರ ದುಂಡಗಿರುವ ಒಬ್ಬರು ಕೂರುತ್ತಾರೆ. ಅವರು ಬರೆಯುವ ‘ಮಾದಪ್ಪನವರು, ಸುತ್ತೂರು, 101 ಮತ್ತು ಒಂದು ಸ್ಟೀಲ್ ಕೊಳಗ’ ಎಂಬಂಥ ಸಾಲುಗಳೇ ಈ ಶಾಸ್ತ್ರದ ಮೂಲ ಆಕರ. 1992ರಲ್ಲಿ ಬಂದ ಮೈಕ್ರೋಸಾಫ್ಟ್ ಆಕ್ಸೆಸ್, ಉಚಿತವಾಗಿ ದೊರೆಯುವ ಲಿಬ್ರೆಆಫೀಸ್ ಬೇಸ್ ಮೊದಲಾದ ತಂತ್ರಾಂಶಗಳು ದೊಡ್ಡ ಸರ್ವರಿನ ಹಂಗಿಲ್ಲದೆ ಮನೆಯ ಕಂಪ್ಯೂಟರಿನಲ್ಲೇ ಕೋಷ್ಟಕಗಳನ್ನು ಕಟ್ಟಿ ಹೆಣೆಯಲು ಅನುವು ಮಾಡಿಕೊಡುತ್ತವೆಯಾದರೂ, ಮೇಲಿನ ಒಂದೇ ಒಂದು ಸಾಲು ಅವುಗಳ ನಿಯಮಗಳಲ್ಲಿ ಹೆಚ್ಚಿನವನ್ನು ಮುರಿಯುತ್ತದೆ.

ಮೊದಲನೆಯ ನಿಯಮ ಪ್ರೈಮರಿ ಕೀ, ಅಂದರೆ ಒಂದು ಸಾಲನ್ನು ಮಿಕ್ಕೆಲ್ಲ ಸಾಲುಗಳಿಂದ ಬೇರ್ಪಡಿಸುವ ಗುರುತು. ನಂಜನಗೂಡಿನ ನಂಜುಂಡೇಶ್ವರನೂ ಬೆಟ್ಟದ ಮಾದೇಶ್ವರನೂ ನಾಮಕರಣದ ಹೊಣೆಯನ್ನು ಬಹುಮಟ್ಟಿಗೆ ಹಂಚಿಕೊಂಡಿರುವ ಈ ಸೀಮೆಯಲ್ಲಿ ಹೆಸರನ್ನು ಗುರುತಾಗಿ ಇಟ್ಟುಕೊಳ್ಳುವುದು ಆಗದ ಮಾತು. ಒಂದು ಪಂಕ್ತಿಯಲ್ಲಿ ನಿಂತು ‘ಮಾದಪ್ಪ’ ಎಂದು ಕೂಗಿದರೆ ಅನ್ನ ಬಡಿಸುವವನೂ ತಿರುಗಿ ನೋಡುತ್ತಾನೆ. ಊರು ಈ ತೊಡಕನ್ನು ಮಿಲ್ ಮಾದಪ್ಪ, ಮೂಲೆಮನೆ ಮಾದಪ್ಪ ಎಂಬ ಜೋಡಿ ಗುರುತುಗಳಿಂದ ಎಂದೋ ಬಗೆಹರಿಸಿಕೊಂಡಿದೆ, ಆದರೆ ಮಿಲ್ ಮುಚ್ಚಿ ಇಪ್ಪತ್ತು ವರ್ಷ ಕಳೆದರೂ ಮಿಲ್ ಮಾದಪ್ಪ ಮಿಲ್ ಮಾದಪ್ಪನೇ ಆಗಿರುವುದು ಹೊಸಬರಿಗೆ ತಿಳಿಯದು. ಆದ್ದರಿಂದ ತಂತ್ರಾಂಶವು ತಾನಾಗಿ ಏರುವ ಸಂಖ್ಯೆಯೊಂದನ್ನು ಪ್ರತಿಯೊಬ್ಬರಿಗೂ ಕೊಡುತ್ತದೆ. ಆಕ್ಸೆಸ್‌ನಲ್ಲಿ 47ನೆಯ ಮಾದಪ್ಪನವರನ್ನು ಅಳಿಸಿದರೂ 47 ತಾನಾಗಿ ಇನ್ನೊಬ್ಬರ ಪಾಲಾಗುವುದಿಲ್ಲ.

ಸಮಾರಂಭಗಳ ಕೋಷ್ಟಕಕ್ಕೆ ದಿನಾಂಕವೇ ಗುರುತಾಗಬಹುದೆಂಬ ಆಸೆಯೂ ಸುತ್ತೂರಿನಲ್ಲಿ ನಿಲ್ಲದು. ಪುಷ್ಯ ಮಾಸದ ಕೊನೆಯಲ್ಲಿ ಆರಂಭವಾಗುವ ಆರು ದಿನಗಳ ಮಠದ ಜಾತ್ರೆಯಲ್ಲಿ ಸಾಮೂಹಿಕ ವಿವಾಹ ನಡೆದು, ಒಂದೇ ಮುಹೂರ್ತದಲ್ಲಿ ಅನೇಕ ಜೋಡಿಗಳಿಗೆ ಮಾಂಗಲ್ಯಧಾರಣೆಯಾಗುವಾಗ, ದಿನಾಂಕ, ಸ್ಥಳ, ಗಳಿಗೆ ಮೂರನ್ನೂ ಕೂಡಿಸಿದರೂ ಒಂದು ಮದುವೆಯನ್ನು ಇನ್ನೊಂದರಿಂದ ಬೇರ್ಪಡಿಸಲಾಗದು.

ಎರಡನೆಯದು ನಾರ್ಮಲೈಸೇಷನ್, ಅಂದರೆ ಕೋಷ್ಟಕದ ಒಂದು ಮನೆಯಲ್ಲಿ ಒಂದೇ ಸಂಗತಿಯನ್ನಿಟ್ಟು, ಒಂದು ಸಂಗತಿಯನ್ನು ಒಂದೇ ಕಡೆ ಬರೆಯುವ ಶಿಸ್ತು. ನೂರೊಂದು ರೂಪಾಯಿ ಮತ್ತು ಕೊಳಗ ಒಟ್ಟಿಗೆ ಕೂತಿರುವುದು ಇದರ ಮೊದಲ ಮೆಟ್ಟಿಲಿನ ಉಲ್ಲಂಘನೆಯಾದ್ದರಿಂದ ಕೊಳಗಕ್ಕೆ ಬೇರೆ ಸಾಲು ಬೇಕು. ‘ತಿ. ನರಸೀಪುರ’, ‘ಟಿ. ನರಸೀಪುರ’, ‘ತಿರುಮಕೂಡಲು’ ಎಂದು ಮೂರು ಬಗೆಯಲ್ಲಿ ಬರೆದಿದ್ದರೆ, ಕಾವೇರಿ ಕಪಿಲೆಯರು ಕೂಡುವ ಊರೊಂದೇ ಆದರೂ ಕಂಪ್ಯೂಟರಿನ ಲೆಕ್ಕದಲ್ಲಿ ಮೂರು ಊರುಗಳಾಗುವುದರಿಂದ ಊರುಗಳಿಗೆ ಪ್ರತ್ಯೇಕ ಕೋಷ್ಟಕ ಕಟ್ಟಿ, ಜನರ ಸಾಲಿನಲ್ಲಿ ಊರಿನ ಸಂಖ್ಯೆಯನ್ನಷ್ಟೇ ಇಡಬೇಕು; ಹೀಗೆ ಬೇರೆ ಕೋಷ್ಟಕದ ಗುರುತನ್ನು ಎರವಲು ತಂದಿಟ್ಟುಕೊಂಡಿದ್ದಕ್ಕೆ ಫಾರಿನ್ ಕೀ ಎಂದು ಹೆಸರು. ಸುತ್ತೂರು ನಂಜನಗೂಡು ತಾಲ್ಲೂಕಿಗೆ ಸೇರಿದ್ದೆಂಬುದು ಊರಿನ ಗುಣವೇ ಹೊರತು ಮಾದಪ್ಪನವರ ಗುಣವಲ್ಲವಾದ್ದರಿಂದ ತಾಲ್ಲೂಕು ಸಹ ಊರಿನ ಕೋಷ್ಟಕಕ್ಕೇ ಹೋಗುತ್ತದೆ.

ಇನ್ನು ಕೋಷ್ಟಕಗಳನ್ನು ಹೆಣೆಯುವ ಕೆಲಸ. ಆಕ್ಸೆಸ್‌ನಲ್ಲಿ ಗೆರೆ ಎಳೆದು, ಮುಂದೆ ಹೇಳಲಿರುವ ರೆಫರೆನ್ಷಿಯಲ್ ಇಂಟೆಗ್ರಿಟಿಯನ್ನು ಜಾರಿಗೊಳಿಸಿದಾಗ ಅದರ ಒಂದು ತುದಿಯಲ್ಲಿ 1 ಎಂಬ ಅಂಕಿಯೂ ಇನ್ನೊಂದು ತುದಿಯಲ್ಲಿ ಅನಂತದ ಚಿಹ್ನೆಯಾದ ಮಲಗಿದ ಎಂಟೂ ಮೂಡುತ್ತವೆ. ಒಂದು ಊರಿಗೆ ಹಲವು ಜನ ಎಂದು ಅದರ ಅರ್ಥ. ಒಬ್ಬರು ಹಲವು ಮದುವೆಗಳಿಗೂ ಒಂದು ಮದುವೆಗೆ ಹಲವರೂ ಮುಯ್ಯಿ ಮಾಡುವುದರಿಂದ ಇವೆರಡರ ನಡುವೆ ದಲ್ಲಾಳಿಯಂತೆ ಮೂರನೆಯ ಕೋಷ್ಟಕವೊಂದು ನಿಲ್ಲಬೇಕು, ಅದೇ ಮುಯ್ಯಿ. ನಿಜವಾದ ಪರೀಕ್ಷೆ ಬರುವುದು ‘ನಮಗೆ ಏನಾಗಬೇಕು’ ಎಂಬ ಕಂಬದಲ್ಲಿ: ಅಕ್ಕನ ಮಗಳನ್ನು ಮದುವೆಯಾಗುವ ವಾಡಿಕೆಯಿದ್ದ ಮನೆಗಳಲ್ಲಿ ವರನೇ ವಧುವಿನ ಸೋದರಮಾವ, ವರನ ತಾಯಿಯೇ ವಧುವಿನ ಅಜ್ಜಿ, ಆಕೆ ಇಟ್ಟ ಮುಯ್ಯಿ ಗಂಡಿನ ಕಡೆಯದೋ ಹೆಣ್ಣಿನ ಕಡೆಯದೋ ಎಂಬುದನ್ನು ಆ ಒಂದು ಕಂಬ ಹೇಳಲಾರದು. ಜನರ ಕೋಷ್ಟಕವನ್ನೇ ಎರಡು ಬಾರಿ ಬೊಟ್ಟು ಮಾಡಿ ತೋರುವ ಬಾಂಧವ್ಯದ ಕೋಷ್ಟಕವನ್ನು ಕಟ್ಟಿದರೆ ಕಾಡ್ ಅವರ ಶಾಸ್ತ್ರ ಇದನ್ನೂ ತಾಳಿಕೊಳ್ಳುತ್ತದೆ.

ಖಾಲಿ ಬಿಟ್ಟ ಮನೆಗೆ ನಲ್ ಎನ್ನುತ್ತಾರೆ. ಅದರ ಅರ್ಥ ತಿಳಿಯದು ಎಂದೇ ಹೊರತು ಸೊನ್ನೆ ಎಂದಲ್ಲ. ಬಂದು ಉಂಡು ಬರಿಗೈಯಲ್ಲಿ ಹೋದವರು ಸೊನ್ನೆ. ಕವರು ಕೊಟ್ಟಾಗ ಬರೆಯುವವರು ಪಾಯಸಕ್ಕೆಂದು ಎದ್ದು ಹೋಗಿದ್ದರೆ ಅದು ನಲ್. ಇವೆರಡನ್ನು ಅದಲುಬದಲು ಮಾಡಿ ಎರಡು ತಲೆಮಾರು ಮಾತು ಬಿಟ್ಟ ಮನೆಗಳು ಯಾವ ಊರಿನಲ್ಲಾದರೂ ಸಿಕ್ಕಾವು. ಮುಯ್ಯಿಯ ಸಾಲು ಇರುವವರೆಗೆ ಆ ವ್ಯಕ್ತಿಯನ್ನು ಅಳಿಸಲು ತಂತ್ರಾಂಶ ಬಿಡದಿರುವುದಕ್ಕೆ ರೆಫರೆನ್ಷಿಯಲ್ ಇಂಟೆಗ್ರಿಟಿ ಎಂದು ದೊಡ್ಡ ಹೆಸರಿದ್ದರೂ, ತಂದೆ ತೀರಿಹೋದರೂ ಅವನ ಮುಯ್ಯಿ ಮಗನ ತಲೆಗೆ ಬರುತ್ತದೆಂಬುದು ಊರಿಗೆ ಹೊಸ ಮಾತಲ್ಲ.

ಕೊನೆಯದು ಬಾಕಿ. ಲೆಕ್ಕ ಹಾಕಿ ಪಡೆಯಬಹುದಾದ್ದನ್ನು ಕೋಷ್ಟಕದಲ್ಲಿ ಬರೆದಿಡಬಾರದೆಂಬ ನಿಯಮದಂತೆ ಕೊಟ್ಟದ್ದರಿಂದ ಬಂದದ್ದನ್ನು ಕಳೆದು ಬಾಕಿ ತೋರಿಸುವ ಕೆಲಸ ಕ್ವೆರಿಯದು, ಅಂದರೆ ಕೋಷ್ಟಕಗಳಿಗೆ ಹಾಕುವ ಪ್ರಶ್ನೆಯದು. ಲೆಕ್ಕ ಬಲ್ಲವರು ಇಲ್ಲಿ ಸೊನ್ನೆ ಬಂದರೆ ಹಿಗ್ಗುತ್ತಾರೆ. ಆದರೆ ನೂರೊಂದು ಬಂದ ಮನೆಗೆ ನೂರೈವತ್ತೊಂದು ಇಡುವ ಜಾಣತನದ ಗುಟ್ಟೇ ಲೆಕ್ಕ ಎಂದೂ ಮುಗಿಯದಂತೆ ನೋಡಿಕೊಳ್ಳುವುದು. ಮುಗಿದರೆ ಮುಂದಿನ ಮದುವೆಗೆ ಬಂದು ಹೋಗುವ ಕಾರಣವೂ ಮುಗಿಯುತ್ತದೆ. ‘ಮುಯ್ಯಿ ತೀರಿಸಿಕೊಳ್ಳು’ ಎಂಬ ಮಾತಿಗೆ ಕನ್ನಡ ‘ಸೇಡು’ ಎಂಬ ಅರ್ಥವನ್ನು ಇಟ್ಟುಕೊಂಡಿರುವುದು ಸುಮ್ಮನೆ ಇರಲಾರದು. ಆದುದರಿಂದ ಇಂಥ ಡೇಟಾಬೇಸನ್ನು ಕಟ್ಟುವವರು, ಬಾಕಿ ಸೊನ್ನೆಯಾದ ಸಾಲುಗಳು ಪರದೆಯ ಮೇಲೆ ಕೆಂಪಗೆ ಕಾಣುವಂತೆ ಏರ್ಪಾಡು ಮಾಡುವುದು ಲೇಸು.