ಯು.ಕೆ.ಜಿ. ರೆಜಿಮೆಂಟಿನ ಹಿರಿಯರಿಗೆ

ಗೆ,
ಶಾಲಾ ವಾರ್ಷಿಕೋತ್ಸವ ಸಮಿತಿಗಳ ಮಾನ್ಯ ಸದಸ್ಯರು,
ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ.

ವಿಷಯ: ಪುಟಾಣಿಗಳನ್ನು ಗಡಿಗೆ ಕಳಿಸುತ್ತಿರುವ ತಮ್ಮ ಸೇವೆಯನ್ನು ಅಭಿನಂದಿಸುವ ಬಗ್ಗೆ.

ಮಾನ್ಯರೇ,

ನಮ್ಮ ಸೇನೆ ಕೆಲವು ವಿಷಯಗಳಲ್ಲಿ ತೀರ ನಿಧಾನ. ಅಗ್ನಿವೀರನಾಗಲು ಹದಿನೇಳೂವರೆ ವರ್ಷ ತುಂಬಿರಬೇಕಂತೆ. ಎತ್ತರ ಅಳೆಯುತ್ತಾರೆ, ಎದೆ ಅಳೆಯುತ್ತಾರೆ, 1,600 ಮೀಟರ್ ಓಡಿಸುತ್ತಾರೆ. ತಮ್ಮಲ್ಲಿ ಆ ರಗಳೆಯೇ ಇಲ್ಲ. ಹಾಲುಹಲ್ಲು ಬಿದ್ದಿರದಿದ್ದರೂ ಸರಿ, ಶೂ ಲೇಸ್ ಕಟ್ಟಲು ಬಾರದಿದ್ದರೂ ಸರಿ. ಮಿಲಿಟರಿ ಡ್ರೆಸ್ಸಿನ ಬಾಡಿಗೆ ಕೈಸೇರಿದರೆ ಅಂದೇ ಭರ್ತಿ.

ತಮ್ಮ ಕಾರ್ಯಕ್ರಮಗಳಲ್ಲಿ ನನಗೆ ಅತಿ ಮೆಚ್ಚುಗೆಯಾದದ್ದು ಹುತಾತ್ಮನ ದೃಶ್ಯ. ಹೊಗೆ ಯಂತ್ರ ಬುಸುಗುಡುತ್ತದೆ, ಸ್ಪೀಕರಿನಲ್ಲಿ ಗುಂಡಿನ ಸದ್ದು. ಆರು ವರ್ಷದ ಯೋಧ ಬೀಳುತ್ತಾನೆ. ಐದು ವರ್ಷದ ವಿಧವೆ ಓಡಿಬರುತ್ತಾಳೆ. ತ್ರಿವರ್ಣ ಧ್ವಜ ಹೊದಿಸುತ್ತಾರೆ. ಹೆಣವಾದ ಮಗು ಧ್ವಜದ ಅಂಚು ಸರಿಸಿ ಅಮ್ಮ ಎಲ್ಲಿ ಕೂತಿದ್ದಾಳೆಂದು ಹುಡುಕುತ್ತದೆ. ಅಮ್ಮ ಅಳುತ್ತಲೇ ವಿಡಿಯೊ ಮಾಡುತ್ತಾಳೆ. ಮುಖ್ಯ ಅತಿಥಿಗಳು ಕರ್ಚೀಫು ತೆಗೆಯುತ್ತಾರೆ. ಮರುವಾರ ಅದೇ ದೃಶ್ಯ ರೀಲ್ಸ್ ಆಗಿ, ಫ್ಲೆಕ್ಸ್ ಆಗಿ, ‘ಅಡ್ಮಿಷನ್ ಓಪನ್’ ಎಂಬ ಅಕ್ಷರಗಳ ಕೆಳಗೆ ಬಸ್ ನಿಲ್ದಾಣದೆದುರು ನಿಲ್ಲುತ್ತದೆ. ಸತ್ತ ಮೇಲೂ ಶಾಲೆಗೆ ಇಷ್ಟು ಉಪಯೋಗಕ್ಕೆ ಬರುವ ಯೋಧ ಬೇರೆಲ್ಲಿ ಸಿಕ್ಕಾನು?

ಈ ಕೆಲಸದಲ್ಲಿ ತಾವು ಒಂಟಿಯಲ್ಲ. ಕೇಂದ್ರ ಸರ್ಕಾರದ ‘ವೀರಗಾಥಾ’ ಸ್ಪರ್ಧೆ 2021ರಲ್ಲಿ ಶುರುವಾದಾಗ ಸುಮಾರು ಎಂಟು ಲಕ್ಷ ಮಕ್ಕಳಿದ್ದರು. ನಾಲ್ಕನೇ ಆವೃತ್ತಿಗೆ 1.76 ಕೋಟಿ. ಮೂರನೇ ತರಗತಿಯಿಂದಲೇ ಶೌರ್ಯ ಪ್ರಶಸ್ತಿ ಪಡೆದವರ ಮೇಲೆ ಕವನ ಬರೆಯಬಹುದು, ಚಿತ್ರ ಬಿಡಿಸಬಹುದು. ಗೆದ್ದ ನೂರು ಮಂದಿಗೆ ತಲಾ 10,000 ರೂಪಾಯಿ. (ಮೂರನೇ ತರಗತಿಯವರ ಕವನದಲ್ಲಿ ಅಪ್ಪಂದಿರ ಪ್ರತಿಭೆ ಎಷ್ಟಿರುತ್ತದೆಂದು ಅಳೆಯಲು ಬೇರೆ ಸ್ಪರ್ಧೆ ಬೇಕು.)

ಎನ್.ಸಿ.ಸಿ. ಮಾತ್ರ ತಮ್ಮ ವೇಗಕ್ಕೆ ಸಾಟಿಯಲ್ಲ. ಅಲ್ಲಿ ಹೈಸ್ಕೂಲಿನವರೆಗೆ ಕಾಯಬೇಕು, ಇಷ್ಟವಿದ್ದವರು ಮಾತ್ರ ಸೇರುತ್ತಾರೆ. ಚೀನಾ ಯುದ್ಧದ ಮರುವರ್ಷ, 1963ರಲ್ಲಿ, ಅದನ್ನು ಕಾಲೇಜುಗಳಲ್ಲಿ ಕಡ್ಡಾಯ ಮಾಡಿದ ಸರ್ಕಾರವೇ 1968ರಲ್ಲಿ ಐಚ್ಛಿಕವೆಂದಿತು. ತಮ್ಮಲ್ಲಿ ಹಾಗೆ ಹಿಂದೆ ಸರಿಯುವ ಪ್ರಶ್ನೆಯೇ ಇಲ್ಲ, ಇಡೀ ಯು.ಕೆ.ಜಿ. ‘ಬಿ’ ಸೆಕ್ಷನ್ನೇ ಗಡಿಗೆ ಹೋಗುತ್ತದೆ, ಅಳುವವರೂ ಸೇರಿ.

ಹದಿನೆಂಟು ತುಂಬದವರನ್ನು ನೇರ ಕದನಕ್ಕೆ ಇಳಿಸಬಾರದೆಂಬ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತ 2005ರಲ್ಲಿ ಒಪ್ಪಿದೆ. ತಾವು ಗಾಬರಿಯಾಗಬೇಕಿಲ್ಲ. ಅದು ನಿಜವಾದ ಬಂದೂಕಿಗೆ ಸಂಬಂಧಿಸಿದ್ದು. ಬ್ಯಾಟರಿ ಹಾಕಿದರೆ ಕೆಂಪು ದೀಪ ಮಿನುಗುವ ನಮ್ಮ ಜಾತ್ರೆಯ ಬಂದೂಕಿಗಲ್ಲ.

ಒಂದು ವಿಷಯ ಕೇಳಬೇಕೆನಿಸುತ್ತದೆ, ತಪ್ಪು ತಿಳಿಯಬೇಡಿ. ವೇದಿಕೆಯ ಮೇಲೆ ಮೇಜರ್ ಆದ ಮಗು ಹತ್ತನೇ ತರಗತಿ ಮುಗಿದೊಡನೆ ಬೆಂಗಳೂರಿನ ಕೋಚಿಂಗಿಗೆ ಹೋಗುತ್ತದೆ. ಸೇನೆಯ ಭರ್ತಿ ರ‍್ಯಾಲಿಯಲ್ಲಿ ಬೆಳಗಿನ ಜಾವ ಸಾಲು ನಿಲ್ಲುವವನು ಬೋರ್‌ವೆಲ್ ಬತ್ತಿದ ತೋಟದವನ ಮಗ, ರೇಷ್ಮೆಗೂಡು ಮಾರುಕಟ್ಟೆಯಲ್ಲಿ ಮೂಟೆ ಹೊರುವವನ ಮಗ. ನಾಲ್ಕು ವರ್ಷದ ನಂತರ ನೂರು ಅಗ್ನಿವೀರರಲ್ಲಿ ಇಪ್ಪತ್ತೈದರವರೆಗೆ ಉಳಿಸಿಕೊಳ್ಳುತ್ತಾರೆ, ಮಿಕ್ಕವರು ಊರಿಗೆ. ಹಾಗೆ ಬಂದವನನ್ನು ತಮ್ಮ ಶಾಲೆಯ ಗೇಟಿನಲ್ಲಿ ಕಾವಲಿಗೆ ಇಟ್ಟುಕೊಳ್ಳುವ ಯೋಚನೆ ಇದೆಯೇ? ಇದ್ದರೆ ಸಂಬಳ ಎಷ್ಟು?

ಕೊನೆಯದಾಗಿ ಒಂದು ಸಲಹೆ. ಪ್ರತಿವರ್ಷ ಥರ್ಮೋಕೋಲಿನ ಹಿಮಾಲಯ ಮಾಡಿಸುವ ಖರ್ಚೇಕೆ? ಗೌರಿಬಿದನೂರಿನ ಪಕ್ಕದಲ್ಲೇ ವಿದುರಾಶ್ವತ್ಥವಿದೆ. 1938ರ ಏಪ್ರಿಲ್ 25ರಂದು ನಿಷೇಧ ಮೀರಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಮೂವತ್ತಕ್ಕೂ ಹೆಚ್ಚು ಜನ ಸತ್ತರೆಂದು ಈ ಸೀಮೆ ನೆನೆಯುತ್ತದೆ. ಸರ್ಕಾರದ ಲೆಕ್ಕ ಅದಕ್ಕಿಂತ ಕಡಿಮೆ. ಅಲ್ಲಿ ವೀರಸೌಧವೇ ಇದೆ. ಅದೇ ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು ಕ್ವಿಟ್ ಇಂಡಿಯಾದಲ್ಲಿ ಜೈಲಿಗೆ ಹೋದದ್ದೂ ಕೈಯಲ್ಲಿ ಆಯುಧವಿಲ್ಲದೆ. ಇಷ್ಟೆಲ್ಲ ಇದ್ದೂ ತಾವು ಈ ಕಥೆ ಆಡಿಸದಿರಲು ಕಾರಣ ನನಗೆ ಹೊಳೆದಿದೆ: ಇಲ್ಲಿ ದೇಶಭಕ್ತರ ಕೈ ಖಾಲಿ, ಬಂದೂಕು ಇರುವುದು ಎದುರು ಪಾಳಯದಲ್ಲಿ.

ಆದರೂ ಈ ಡಿಸೆಂಬರಿನಲ್ಲಿ ಒಮ್ಮೆ ಪ್ರಯತ್ನಿಸಿ. ಖಾದಿ ಟೋಪಿಗಳ ಬಾಡಿಗೆ ನನ್ನದು. ಗುಂಡು ಹಾರಿಸುವ ಪೊಲೀಸರ ಪಾತ್ರಕ್ಕೆ ಯಾರ ಮಕ್ಕಳನ್ನು ಆರಿಸುತ್ತೀರೆಂದು ಮಾತ್ರ ಮೊದಲೇ ತಿಳಿಸಿ. ಆ ದಿನದ ಪೋಷಕರ ಸಭೆಗೆ ನಾನೂ ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಮೊದಲ ಸಾಲಿನಲ್ಲಿ ಕುರ್ಚಿ ಸಿಗದ ಒಬ್ಬ ತಾತ