ಕುಡಿತದ ಜೊತೆಗೆ ನನ್ನನ್ನೂ ಬಿಡಿಸಲು ಹೊರಟವರಿಗೆ

ಚೆನ್ನೈಯ ಕೀಲ್ಪಾಕ್‌ನ ವ್ಯಸನಮುಕ್ತಿ ಕೇಂದ್ರವೊಂದರ ಮಾನ್ಯ ವ್ಯವಸ್ಥಾಪಕರಿಗೆ,

ನಮ್ಮವನ ಕುಡಿತ ಬಿಡಿಸಿಕೊಡಿ ಎಂದು ಬಂದಿದ್ದೆ. ತಾವು ಅದರ ಜೊತೆಗೆ ನನ್ನನ್ನೂ ಬಿಡಿಸಿಕೊಡಲು ಮುಂದಾದಿರಿ, ಅದೂ ಹೆಚ್ಚುವರಿ ಶುಲ್ಕವಿಲ್ಲದೆ. ಇಂಥ ಉದಾರತೆಗೆ ಬಹಿರಂಗವಾಗಿಯೇ ಕೃತಜ್ಞತೆ ಹೇಳಬೇಕು. ತಮಿಳಿನಲ್ಲೊಂದು ಪ್ರತಿ ತಮಗೆ ತಲುಪಿದೆ. ಇದು ಕನ್ನಡದಲ್ಲಿರುವುದು ದಾವಣಗೆರೆಯಲ್ಲಿರುವ ಅವನ ಮನೆಯವರೂ ಓದಲಿ ಅಂತ.

ಮೊದಲು ಋಣ ತೀರಿಸುತ್ತೇನೆ. ಎರಡೂ ಕೈಯಲ್ಲಿ ಹಿಡಿದರೂ ಅರ್ಧ ಲೋಟ ಕಾಫಿಯನ್ನು ಅಂಗಿಗೆ ಚೆಲ್ಲಿಕೊಳ್ಳುತ್ತಿದ್ದವನನ್ನು ತಮ್ಮ ವೈದ್ಯರು ಚೆನ್ನಾಗಿ ನೋಡಿಕೊಂಡರು. ವರ್ಷಗಟ್ಟಲೆ ಕುಡಿದವರು ಏಕಾಏಕಿ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೇ ಕುತ್ತು. ಮಾತ್ರೆ, ಬಿ1 ಇಂಜೆಕ್ಷನ್ ಕೊಟ್ಟು ಆ ದಿನಗಳನ್ನು ದಾಟಿಸಿದಿರಿ. ತೊಂದರೆ ಶುರುವಾದದ್ದು ಕೈನಡುಕ ನಿಂತ ಮೇಲೆ.

ಗುಂಪಿನಲ್ಲಿ ಮನಸ್ಸು ಬಿಚ್ಚಿ ಮಾತಾಡಿ ಎಂದಿರಿ. ಬಿಚ್ಚಿದ. ತಂಗಿಯ ಮದುವೆಗೆ ಬರಬೇಡ ಎಂದು ಅಪ್ಪ ಫೋನ್ ಮಾಡಿದ ರಾತ್ರಿ ಎಷ್ಟು ಕುಡಿದೆ ಎಂದು ಹೇಳಿದ; ಯಾಕೆ ಬರಬೇಡ ಅಂದರು ಎಂಬುದನ್ನೂ, ಅಂದರೆ ನನ್ನ ವಿಷಯವನ್ನೂ, ಹೇಳಿಬಿಟ್ಟ. ಕೌನ್ಸೆಲರ್ ಗಂಟಲು ಸರಿಮಾಡಿಕೊಂಡು, 'ಆ ಚಟಾನೂ ಬಿಡಿಸೋಣ, ಮದುವೆಯಾದ್ರೆ ಎರಡೂ ಸರಿಹೋಗುತ್ತೆ' ಎಂದರು. ಮರುದಿನದಿಂದ ಅವನ ಕಥೆಯಲ್ಲಿ ನಾನು ಕೈಕೊಟ್ಟು ಹೋದ ಹುಡುಗಿಯಾದೆ. ಗುಂಪು ಚಪ್ಪಾಳೆ ತಟ್ಟಿತಂತೆ. 'ಪ್ರಗತಿ ಉತ್ತಮ' ಎಂದು ಫೈಲಿನಲ್ಲಿ ಬರೆದರಂತೆ. ಸುಳ್ಳೇ ಕುಡುಕನ ಮೊದಲ ಲಕ್ಷಣ ಎಂದು ಗೋಡೆಗೆ ಅಂಟಿಸಿದ್ದೀರಲ್ಲ, ಅದರ ಕೆಳಗೇ ಕೂತು ಹೇಳಿದ ಕಥೆ ಅದು.

ಕುಟುಂಬದವರ ಸಭೆಗೆ 'ರೂಮ್‌ಮೇಟ್'ಗೆ ಪ್ರವೇಶವಿಲ್ಲ ಎಂದಿರಿ. ಆ ಅಪ್ಪನನ್ನೇ ಕರೆಸಿದಿರಿ. ಕುಡಿಸುವವರಿಗೆ ಈ ತಕರಾರಿಲ್ಲ: ತಮಿಳುನಾಡಿನಲ್ಲಿ 2003ರಿಂದ ಸರ್ಕಾರವೇ ತನ್ನ ಟಾಸ್ಮಾಕ್ ಅಂಗಡಿಗಳಲ್ಲಿ ಹೆಂಡ ಮಾರುತ್ತಿದೆ. ಆ ಕಿಂಡಿಯ ಮುಂದೆ ಇವನಿಗೆ ಯಾರೂ ಹೆಂಡತಿ ಎಲ್ಲಿ ಎಂದು ಕೇಳಿದ್ದಿಲ್ಲ. (ಹೆಣ್ಣನ್ನು ಪ್ರೀತಿಸುವ ಹೆಣ್ಣು ಕುಡಿತಕ್ಕೆ ಬಿದ್ದರೆ ಅವಳ ಪಾಡು ಬೇರೆಯೇ. ಹೆಂಗಸರನ್ನು ಸೇರಿಸಿಕೊಳ್ಳುವ ಕೇಂದ್ರ ಸಿಗುವುದೇ ಕಷ್ಟ, ಪ್ರಶ್ನೆಗಳು ಆಮೇಲಿನ ಮಾತು.)

ಮದ್ರಾಸಿನ ಹುಚ್ಚಾಸ್ಪತ್ರೆ 1871ರಲ್ಲಿ ಕೀಲ್ಪಾಕ್‌ಗೆ ಬಂದಾಗಲಾದರೆ, ಒಲವನ್ನೂ ಕಾಯಿಲೆ ಎಂದುಕೊಳ್ಳುವ ಗೊಂದಲ ಕ್ಷಮ್ಯವಾಗಿತ್ತು. ಈಗ ಕಾನೂನು ಬೇರೆ. ತಮಗೆ ಬಿಡುವಿರಲಿಕ್ಕಿಲ್ಲ, ನಾನೇ ಓದಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಕುಡಿತದಿಂದ ಬರುವ ಮಾನಸಿಕ ತೊಂದರೆಗಳೂ ಸೇರುತ್ತವೆ; 18ನೇ ಸೆಕ್ಷನ್ ಪ್ರಕಾರ ಲೈಂಗಿಕ ಒಲವಿನ ಕಾರಣಕ್ಕೆ ಚಿಕಿತ್ಸೆಯಲ್ಲಿ ಭೇದ ಮಾಡುವಂತಿಲ್ಲ. ಒಬ್ಬರನ್ನೊಬ್ಬರು ಪ್ರೀತಿಸಿ ಮದುರೈಯಿಂದ ಓಡಿಬಂದ ಇಬ್ಬರು ಯುವತಿಯರ ಮೊಕದ್ದಮೆಯಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್, ಈ ಒಲವಿನ ಬಗ್ಗೆ ತನಗೆ ಸರಿಯಾಗಿ ಗೊತ್ತಿಲ್ಲವೆಂದು ಮನಶ್ಶಾಸ್ತ್ರಜ್ಞರ ಮುಂದೆ ಕೂತು ತಿಳಿದುಕೊಂಡರು. ಆಮೇಲೆ 2021ರ ಜೂನ್ 7ರಂದು, ಲೈಂಗಿಕ ಒಲವನ್ನು 'ವಾಸಿ ಮಾಡುವ' ಪ್ರಯತ್ನಗಳನ್ನೇ ನಿಷೇಧಿಸಿದರು. ಮರುವರ್ಷ ರಾಷ್ಟ್ರೀಯ ವೈದ್ಯಕೀಯ ಆಯೋಗವೂ ಅಂಥ ಪ್ರಯತ್ನವನ್ನು ವೃತ್ತಿ ದುರ್ನಡತೆಯೆಂದಿತು. ಜಡ್ಜ್ ಸಾಹೇಬರಿಗೆ ಸಿಕ್ಕ ಬಿಡುವು ತಮ್ಮ ಕೌನ್ಸೆಲರ್‌ಗೂ ಸಿಗಲಿ.

ಇನ್ನೊಂದು ವಿಷಯ. ಅದೇ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ರೋಗಿ ತನ್ನ ಪ್ರತಿನಿಧಿಯನ್ನು ತಾನೇ ನೇಮಿಸಿಕೊಳ್ಳಬಹುದು. ರಕ್ತಸಂಬಂಧ ಬೇಕಿಲ್ಲ, ಬಿಳಿ ಹಾಳೆಯ ಮೇಲೆ ಬರೆದು ಸಹಿ ಹಾಕಿದರೆ ಸಾಕು. ಮುಂದಿನ ತಪಾಸಣೆಗೆ ಹಾಳೆ ತರುತ್ತೇವೆ, ಪೆನ್ನೂ ನಮ್ಮದೇ. ಕುಟುಂಬದ ಸಭೆಯಲ್ಲಿ ಒಂದು ಕುರ್ಚಿ ಮಾತ್ರ ತಮ್ಮದು.

ಇಂತಿ,
ಕೈಕೊಟ್ಟು ಹೋದ ಹುಡುಗಿ