ಕಾಕಾನ ಎದಿಯಾಗ ಸೊನ್ನಿ

ಉಸಿರಿನ ಜತೆ ಒಳಗೆ ಹೋದ ಧೂಳು ಶ್ವಾಸಕೋಶದಲ್ಲಿ ಎಲ್ಲೆಲ್ಲಿ ಕೂರುತ್ತದೆ ಎಂದು ಮೊದಮೊದಲು ಗಣಿತ ಹಾಕಿದವನು ಡಾಕ್ಟರಲ್ಲ, ಹವಾಮಾನದವನು. ಜರ್ಮನಿಯ ವಾಲ್ಟರ್ ಫಿಂಡೈಸನ್, 1935ರಲ್ಲಿ. ಮೋಡದಲ್ಲಿ ಮಳೆ ಹೇಗೆ ಹುಟ್ಟುತ್ತದೆ ಅನ್ನುವುದು ಅವನ ಕಸುಬು. ಮೋಡದವನೇ ಎದೆಗೂಡಿಗೆ ಕೈ ಹಾಕಿದ ಮೇಲೆ ಮೆಕ್ಯಾನಿಕಲ್ ಓದಿದ ನಾನೇಕೆ ಸುಮ್ಮನಿರಬೇಕು? ಈ ಒಂದು ತರ್ಕ ನನ್ನನ್ನು ಹಾಳು ಮಾಡಿತು.

ಎಳ್ಳಮಾಸಿ ಮುಗಿದಿತ್ತು. ಜಿಡಗಾದ ನಮ್ಮ ಹೊಲದಲ್ಲಿ ತೊಗರಿ ರಾಶಿ ನಡೆದಿತ್ತು. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ. ಅದರ ಧೂಳನ್ನು ಮಾತ್ರ ಇನ್ನೂ ಯಾರೂ ಗುರುತಿಸಿಲ್ಲ. ಮಷೀನು ಶುರುವಾದರೆ ಕಾಳು ಚೀಲಕ್ಕೆ, ಹೊಟ್ಟು ಗುಡ್ಡೆಗೆ, ಮಿಕ್ಕಿದ್ದೆಲ್ಲ ನಿಂತವರ ಮೂಗಿಗೆ. ಕಾಕಾ, ಮಷೀನಿನ ಹುಡುಗ ಇಬ್ಬರೂ ಮುಖಕ್ಕೆ ಟಾವೆಲ್ ಸುತ್ತಿದ್ದರು, ಕಾಕಿ ಸೆರಗು ಬಿಗಿದಿದ್ದಳು. ನಾನು ಬೇವಿನ ಗಿಡದ ನೆರಳಲ್ಲಿ ಲ್ಯಾಪ್‌ಟಾಪ್ ತೆರೆದು ಕೂತೆ. ಗಾಳಿ ಯಾವ ಕಡೆಗೆ ಬೀಸುತ್ತಿದೆ ಅಂತ ನೋಡುವ ಗೋಜಿಗೆ ಹೋಗಲಿಲ್ಲ.

"ಏನ್ ಮಾಡ್ಲಾಕತ್ತಿ ತಮ್ಮಾ?" ಎಂದ ಕಾಕಾ.

"ನಿಮ್ಮ ಎದಿಯಾಗ ಎಷ್ಟ್ ಧೂಳ ಕೂಡ್ತದ ಅಂತ ಲೆಕ್ಕ ಹಾಕ್ಲಾಕತ್ತೀನಿ ಕಾಕಾ."

"ಚೀಲದ ಲೆಕ್ಕ ಬರಕೋ ಅಂದ್ರ ನಿನಗ ಆಗಲ್ಲ."

ಈ ಲೆಕ್ಕಕ್ಕೆ ಎಂ.ಪಿ.ಪಿ.ಡಿ. ಎಂಬ ಪುಕ್ಕಟೆ ಸಾಫ್ಟ್‌ವೇರ್ ಇದೆ. ಇಂಥ ಲೆಕ್ಕಗಳ ಹಿಂದೆ ಸ್ವಿಟ್ಜರ್ಲೆಂಡಿನ ಎವಾಲ್ಡ್ ವೈಬೆಲ್ 1963ರಲ್ಲಿ ಬಿಡಿಸಿದ ನಕ್ಷೆಯ ನೆರಳಿದೆ. ಶ್ವಾಸನಾಳ ಎರಡಾಗಿ ಒಡೆಯುತ್ತದೆ, ಆ ಎರಡೂ ಮತ್ತೆ ಎರಡೆರಡಾಗುತ್ತವೆ, ಹೀಗೆ 23 ಸಲ. ತುದಿಗೆ ಬರುವ ಹೊತ್ತಿಗೆ ಕವಲುಗಳು ಸುಮಾರು 84 ಲಕ್ಷ. ಅವುಗಳ ಸುತ್ತ, ವೈಬೆಲ್ ಅಂದಾಜಿನಂತೆ, 30 ಕೋಟಿ ಗಾಳಿಚೀಲಗಳು. ಕಾಕಾನ ಎದೆಯಲ್ಲಿ ಇಷ್ಟೊಂದು ಚೀಲಗಳಿವೆ ಎಂದು ಹೇಳಿದಾಗ ಆತ "ಬಾಡಿಗಿ ಯಾರ್ ಕೊಡ್ತಾರ?" ಎಂದು ಕೇಳಿದ.

ಸಾಫ್ಟ್‌ವೇರ್ ಪ್ರಶ್ನೆ ಕೇಳುತ್ತಾ ಹೋಯಿತು. ಮೂಗಿನಿಂದ ಉಸಿರಾಡುತ್ತಾರೋ ಬಾಯಿಂದಲೋ? ನಿಮಿಷಕ್ಕೆ ಎಷ್ಟು ಸಲ? ನಾವೇನೂ ತುಂಬದಿದ್ದರೆ ಅದೇ 12 ಸಲ ಎಂದು ತುಂಬಿಕೊಳ್ಳುತ್ತದೆ, ಪ್ರತಿ ಉಸಿರಿಗೆ 625 ಮಿಲಿಲೀಟರ್. ಅಷ್ಟು ನಿಧಾನಕ್ಕೆ ಉಸಿರಾಡುವ ಗಂಡಸು ರಾಶಿ ಕಾಲದಲ್ಲಿ ಬೇವಿನ ಗಿಡದ ಕೆಳಗೆ ಮಾತ್ರ ಸಿಗುತ್ತಾನೆ. ಅವನು ನಾನೇ ಆದ್ದರಿಂದ ಅದನ್ನು ಹಾಗೇ ಬಿಟ್ಟೆ. ಕಾಕಿಯ ಸೆರಗನ್ನು ಎಲ್ಲಿ ತುಂಬಬೇಕೋ ತಿಳಿಯಲಿಲ್ಲ, ಅದಕ್ಕೆ ಜಾಗವೇ ಇರಲಿಲ್ಲ.

ಕಡೆಗೆ ಕಣದ ಗಾತ್ರ ಕೇಳಿತು. ಮಷೀನಿನ ಪಕ್ಕ ಒಂದು ಸ್ಟೀಲ್ ತಾಟು ಇಟ್ಟೆ. ಅದರಲ್ಲಿ ಕೂತ ಧೂಳಿನ ಪಕ್ಕಕ್ಕೆ ನನ್ನದೇ ತಲೆಗೂದಲೊಂದನ್ನು ಮಲಗಿಸಿ ಕಣ್ಣು ಕಿರಿದು ಮಾಡಿ ನೋಡಿದೆ. ಕೂದಲು ಸುಮಾರು 70 ಮೈಕ್ರಾನ್ ದಪ್ಪ, ಧೂಳು ಅದಕ್ಕಿಂತ ಒಂಚೂರು ಸಣ್ಣದು, ಹಾಗಾಗಿ 50 ಎಂದು ಬರೆದೆ. ಕೂದಲು ಖರ್ಚು ಮಾಡುವ ಸ್ಥಿತಿಯಲ್ಲಿ ನನ್ನ ತಲೆಯಿಲ್ಲ, ಆದರೂ ವಿಜ್ಞಾನಕ್ಕಾಗಿ ಕಿತ್ತೆ.

ಉತ್ತರ ಬಂತು: ಗಾಳಿಚೀಲಗಳಿಗೆ ತಲುಪುವ ಧೂಳು ಸೊನ್ನೆ.

"ಎದಿಯಾಗ ಸೊನ್ನಿ! ಎಲ್ಲಾ ಮೂಗಿನ್ಯಾಗೇ ನಿಲ್ತದ!" ಎಂದು ಕೂಗಿದೆ. ಮಷೀನಿನ ಹುಡುಗ ಕೂಡಲೇ ಟಾವೆಲ್ ಬಿಚ್ಚಿ ಸೊಂಟಕ್ಕೆ ಕಟ್ಟಿದ. "ಕಂಪ್ಯೂಟರೇ ಹೇಳ್ಯದಲ್ಲ."

ಸಂಜೆ ಮಷೀನು ನಿಂತಿತು. ಕತ್ತಲಲ್ಲಿ ಚೀಲ ಎಣಿಸಲು ಕಾಕಾ ಬ್ಯಾಟರಿ ಹಚ್ಚಿದ. ಆ ಬೆಳಕಿನ ಕೋಲಿನಲ್ಲಿ ಧೂಳು ಇನ್ನೂ ತೇಲುತ್ತಲೇ ಇತ್ತು. ನನ್ನ ಹೊಟ್ಟೆಯಲ್ಲಿ ಏನೋ ಕಲಸಿದಂತಾಯಿತು. 50 ಮೈಕ್ರಾನಿನ ಕಣ ಸೆಕೆಂಡಿಗೆ ಏಳೆಂಟು ಸೆಂಟಿಮೀಟರ್ ಬೀಳುತ್ತದೆ, ಅದಕ್ಕೇ ತಾಟಿಗೆ ಬಿದ್ದಿದೆ. ಒಂದು ಮೈಕ್ರಾನಿನದಕ್ಕೆ ಅಲುಗದ ಗಾಳಿಯಲ್ಲೂ ಒಂದು ಮೀಟರ್ ಇಳಿಯಲು ಹೆಚ್ಚುಕಡಿಮೆ ಎಂಟು ತಾಸು ಬೇಕು. ಎದೆಗೆ ಹೋಗುವ ಧೂಳು ತಾಟಿಗೆ ಬರುವುದೇ ಇಲ್ಲ, ಬಂದರೂ ಬರಿಗಣ್ಣಿಗೆ ಕಾಣುವುದಿಲ್ಲ. ದೊಡ್ಡ ಕಣ ಮೂಗಿನ, ಗಂಟಲಿನ ತಿರುವಿನಲ್ಲಿ ತಿರುಗಲಾರದೆ ಗೋಡೆಗೆ ಬಡಿಯುತ್ತದೆ. ಎರಡು ಮೂರು ಮೈಕ್ರಾನಿನದು ಆಳದ ಸಣ್ಣ ಕವಲುಗಳವರೆಗೂ ನುಸುಳಿ, ಅಲ್ಲಿ ಗಾಳಿ ನಿಧಾನವಾದಾಗ ಮೆಲ್ಲಗೆ ಕೂರುತ್ತದೆ. ತೀರಾ ಸಣ್ಣದು ಅತ್ತಿತ್ತ ಅಲೆದಾಡಿ ಗೋಡೆಗೆ ಅಂಟುತ್ತದೆ. ಅರ್ಧ ಮೈಕ್ರಾನಿನ ಆಸುಪಾಸಿನವು ಮಾತ್ರ, ಚುನಾವಣೆಗೆ ನಮ್ಮೂರಿಗೆ ಬಂದವರ ಹಾಗೆ, ಒಳಗೆಲ್ಲ ಸುತ್ತಾಡಿ ಬಹುಪಾಲು ಬಂದ ದಾರಿಯಲ್ಲೇ ಹೊರಟುಹೋಗುತ್ತವೆ.

ಮರುದಿನ ಎಲ್ಲವನ್ನೂ ಬದಲಿಸಿದೆ. ಎರಡು ಮೈಕ್ರಾನ್, ಬಾಯಿ ಉಸಿರು, ಚೀಲ ಹೊರುವವನ ಏದುಸಿರು.

"ಟಾವೆಲ್ ಕಟ್ಕೊಳ್ಳಪ್ಪಾ" ಎಂದೆ ಹುಡುಗನಿಗೆ.

"ನಿನ್ನಿ ಸೊನ್ನಿ ಅಂದ್ರಿ. ಇವತ್ತ ಎಷ್ಟ್ ಬಂತ್ರಿ?"

ಹೇಳೋಣವೆಂದರೆ ಲ್ಯಾಪ್‌ಟಾಪ್ ಮಷೀನಿಗಿಂತ ಜೋರಾಗಿ ಗುಂಯ್‌ಗುಟ್ಟಿ ಕಪ್ಪಗಾಯಿತು. ಅಷ್ಟರಲ್ಲಿ ಕಾಕಿ, "ಕಟ್ಕೋತಿಯೋ ಇಲ್ಲೋ ಮೂಳಾ" ಎಂದಳು. ಹುಡುಗ ಮರುಮಾತಿಲ್ಲದೆ ಕಟ್ಟಿಕೊಂಡ. ಟಾವೆಲ್ಲಿನ ನೇಯ್ಗೆ ಸಣ್ಣ ಕಣವನ್ನು ಅಷ್ಟಾಗಿ ತಡೆಯುವುದಿಲ್ಲ ಎಂದು ವಿವರಿಸಲು ಬಾಯಿ ತೆರೆದೆ. ಕಾಕಿ ನನ್ನ ಕಡೆ ತಿರುಗಿದಳು. ಬಾಯಿ ಮುಚ್ಚಿದೆ.

ಪ್ರಾಯಶ್ಚಿತ್ತಕ್ಕೆಂದು ಆಳಂದದಿಂದ ಎಲ್ಲರಿಗೂ ಎನ್-95 ಮಾಸ್ಕ್ ತಂದೆ. ಕಾಕಾ ಅದನ್ನು ಗದ್ದದ ಕೆಳಗೆ ಇಳಿಸಿ ಬೀಡಿ ಹಚ್ಚಿದ. ಬೀಡಿ ಹೊಗೆಯ ಕಣ ಒಂದು ಮೈಕ್ರಾನಿಗಿಂತಲೂ ಸಣ್ಣದು. ಆ ಲೆಕ್ಕ ನನಗೆ ಬೇಡವೆಂದು ಕಾಕಾನ ಕಣ್ಣೇ ಹೇಳುತ್ತಿತ್ತು.

ಅದೇ ಫೇರಿಯಲ್ಲಿ ಲ್ಯಾಪ್‌ಟಾಪನ್ನೂ ರಿಪೇರಿಗೆ ಕೊಟ್ಟಿದ್ದೆ. ತರಲು ಹೋದಾಗ ರಿಪೇರಿಯವನು ನನ್ನೆದುರಿಗೇ ಹಿಂಬದಿಯ ಮುಚ್ಚಳ ಬಿಚ್ಚಿದ. ಶಾಖ ಹೊರಹಾಕುವ ತಗಡುಗಳ ಸಂದಿಯಲ್ಲಿ ತೊಗರಿ ಹೊಟ್ಟಿನ ಧೂಳು ಹೆಪ್ಪುಗಟ್ಟಿ ಕೂತಿತ್ತು. ಬೇವಿನ ನೆರಳಲ್ಲಿ ಕೂತಷ್ಟು ಹೊತ್ತೂ ಫ್ಯಾನು ಅದನ್ನೇ ಎಳೆದುಕೊಂಡಿದೆ. ಪಾಪ, ಅದಕ್ಕೆ ಮೂಗಿನ ಕೂದಲಿಲ್ಲ, ಗಂಟಲಲ್ಲಿ ಕಫವಿಲ್ಲ, ಕೆಮ್ಮಲೂ ಬರುವುದಿಲ್ಲ.

ಅವನು ಮುಖಕ್ಕೆ ಕರ್ಚೀಫ್ ಕಟ್ಟಿಕೊಂಡು ಬ್ಲೋವರ್ ಹಚ್ಚಿದ. ನಾನು ಸರಿಯಾಗಿ ಎದುರಿಗೆ ನಿಂತಿದ್ದೆ.

ನನ್ನ ಸೀನುಗಳು ಮುಗಿಯುವವರೆಗೆ ಕಾದು ಅವನು ಕೇಳಿದ: "ಇದ್ರಾಗ ಏನ್ ನಡಸ್ತಿದ್ರಿ ಸರ್, ಇಷ್ಟ್ ಗರಂ ಆಗ್ಲಾಕ?"

"ತಮ್ಮನ ಮದುವಿ ವಿಡಿಯೋ" ಎಂದೆ.